ಅವಧಿಯ ನಡುವಣ ಚುನಾವಣೆಗಳು ಮತ್ತು ಅಧಿಕಾರದ ಪಲ್ಲಟ: ಜಾಲಹಳ್ಳಿಯ ನಿದರ್ಶನದೊಡನೆ ಒಂದು ಪರಿಶೀಲನೆ

2018ರ ಮೇ 12ರಂದು ಕರ್ನಾಟಕದ 222 ವಿಧಾನಸಭಾ ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಬೆಂಗಳೂರಿನ ಉತ್ತರ ಭಾಗದಲ್ಲಿರುವ ಜಾಲಹಳ್ಳಿ ವಾರ್ಡಿನ ಮತಗಟ್ಟೆಗಳು ತೆರೆಯಲಿಲ್ಲ. ಅದಕ್ಕೆ ನಾಲ್ಕು ದಿನ ಮುಂಚೆ ಅಲ್ಲಿಯ ವಸತಿ ಸಮುಚ್ಚಯವೊಂದರ ಮನೆಯಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಪತ್ತೆಯಾಗಿದ್ದವು. ಚುನಾವಣಾ ಆಯೋಗವು ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನು ಮೇ 28ಕ್ಕೆ ಮುಂದೂಡಿತು. ಆ ನಡುವಣ ಹದಿನಾರು ದಿನಗಳಲ್ಲಿ ರಾಜ್ಯವು ಇಬ್ಬರು ಮುಖ್ಯಮಂತ್ರಿಗಳನ್ನು ಕಂಡಿತು. ಬಿ.ಎಸ್. ಯಡಿಯೂರಪ್ಪನವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆಯಿತ್ತರು. ಎಚ್.ಡಿ. ಕುಮಾರಸ್ವಾಮಿಯವರು 23ರಂದು ಅಧಿಕಾರ ವಹಿಸಿಕೊಂಡು 25ರಂದು ವಿಶ್ವಾಸಮತ ಪಡೆದರು. ಜಾಲಹಳ್ಳಿಯ ಮತದಾರ ಮತಗಟ್ಟೆಗೆ ಹೋಗುವ ಹೊತ್ತಿಗೆ ಸರ್ಕಾರ ರಚನೆಯಾಗಿಹೋಗಿತ್ತು.

ಇದನ್ನು ಆಕಸ್ಮಿಕವೆಂದು ಬಿಟ್ಟುಬಿಡಬಹುದಿತ್ತು. ಆದರೆ ಎರಡೂವರೆ ವರ್ಷಗಳ ಬಳಿಕ, 2020ರ ನವೆಂಬರ್ 3ರಂದು, ಇದೇ ಮತದಾರರು ಮತ್ತೊಮ್ಮೆ ಮತಗಟ್ಟೆಗೆ ಹೋದಾಗಲೂ ಸರ್ಕಾರ ಅದಾಗಲೇ ಬದಲಾಗಿತ್ತು. 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದಿದ್ದ ಮುನಿರತ್ನ ಅವರು ಈ ಬಾರಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿದ್ದರು ಮತ್ತು ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಅಂತರದಿಂದ ಗೆದ್ದರು. ಶಾಸನಸಭೆಯ ಅವಧಿಯ ನಡುವೆ ನಡೆಯುವ ಚುನಾವಣೆ ಪಕ್ಷಗಳ ನಡುವೆ ಅಧಿಕಾರವನ್ನು ಹೇಗೆ ಕದಲಿಸುತ್ತದೆ ಎಂಬ ಪ್ರಶ್ನೆಯನ್ನು ಕರ್ನಾಟಕದ ಮಟ್ಟಿಗೆ ಪರಿಶೀಲಿಸಲು ಈ ಕ್ಷೇತ್ರ ತಕ್ಕ ನಿದರ್ಶನವಾಗಿದೆ. ಜಾಲಹಳ್ಳಿ ಎಂದು ಜನ ಕರೆಯುವ ಪ್ರದೇಶವೆಲ್ಲ ಒಂದೇ ಕ್ಷೇತ್ರಕ್ಕೆ ಸೇರಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಮಹಾನಗರ ಪಾಲಿಕೆಯ 198 ವಾರ್ಡುಗಳ ವ್ಯವಸ್ಥೆಯಲ್ಲಿ 16ನೆಯದಾಗಿದ್ದ ಜಾಲಹಳ್ಳಿ ವಾರ್ಡು ರಾಜರಾಜೇಶ್ವರಿನಗರಕ್ಕೆ ಸೇರಿದ್ದು, ಸುತ್ತಲಿನ ಬಡಾವಣೆಗಳಲ್ಲಿ ಹಲವು ದಾಸರಹಳ್ಳಿ, ಬ್ಯಾಟರಾಯನಪುರ ಕ್ಷೇತ್ರಗಳಿಗೆ ಹಂಚಿಹೋಗಿವೆ. ಯಶವಂತಪುರ ಪೇಟೆಯೂ ರಾಜರಾಜೇಶ್ವರಿನಗರದಲ್ಲಿಯೇ ಇದೆ. ಯಶವಂತಪುರವೆಂಬ ಹೆಸರಿನ ಕ್ಷೇತ್ರ ಕೆಂಗೇರಿ, ತಾವರೆಕೆರೆಗಳ ಕಡೆಗಿದೆ. ಕ್ಷೇತ್ರ ಪುನರ್ವಿಂಗಡಣೆಯ ಇಂಥ ವಿಚಿತ್ರಗಳನ್ನು ಅರಿಯದೆ ಫಲಿತಾಂಶದ ಪಟ್ಟಿಗಳನ್ನು ಓದಿದವರು ತಪ್ಪು ನಿರ್ಣಯಕ್ಕೆ ಬಂದದ್ದುಂಟು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅವಧಿಯ ನಡುವಣ ಚುನಾವಣೆ ಪಂಚಾಂಗದಷ್ಟೇ ನಿಶ್ಚಿತವಾದುದು. ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ಮಧ್ಯದಲ್ಲಿ ಪ್ರತಿನಿಧಿಸಭೆಯ ಎಲ್ಲ ಸ್ಥಾನಗಳಿಗೂ ಸೆನೆಟ್‌ನ ಸುಮಾರು ಮೂರನೆಯ ಒಂದು ಭಾಗಕ್ಕೂ ಚುನಾವಣೆ ನಡೆಯುತ್ತದೆ. 1934, 1998 ಮತ್ತು 2002ನ್ನು ಬಿಟ್ಟರೆ ಕಳೆದ ಒಂಬತ್ತು ದಶಕಗಳ ಅಂಥ ಪ್ರತಿಯೊಂದು ಚುನಾವಣೆಯಲ್ಲಿಯೂ ಅಧ್ಯಕ್ಷರ ಪಕ್ಷ ಪ್ರತಿನಿಧಿಸಭೆಯಲ್ಲಿ ಸ್ಥಾನಗಳನ್ನು ಕಳೆದುಕೊಂಡಿದೆ. ಆಳುವವರ ಮೇಲಿನ ಅಸಮಾಧಾನವನ್ನು ವ್ಯಕ್ತಪಡಿಸಲು ಮತದಾರನಿಗೆ ಕಾನೂನೇ ಗೊತ್ತುಪಡಿಸಿರುವ ದಿನವದು. ಭಾರತದ ಸಂಸದೀಯ ವ್ಯವಸ್ಥೆಯಲ್ಲಿ ಅಂಥ ಗೊತ್ತಾದ ದಿನವಿಲ್ಲ. ವಿಧಾನಸಭೆಯನ್ನು ಅವಧಿಗೆ ಮೊದಲೇ ವಿಸರ್ಜಿಸಿದರೆ ಮಧ್ಯಂತರ ಚುನಾವಣೆ. ಬಿಡಿ ಸ್ಥಾನಗಳು ತೆರವಾದರೆ ಉಪಚುನಾವಣೆ. ಕರ್ನಾಟಕದಲ್ಲಿ ಮೊದಲನೆಯದರ ಕಾಲ ಬಹುಮಟ್ಟಿಗೆ ಮುಗಿದು, ಅದು ಮಾಡುತ್ತಿದ್ದ ಕೆಲಸವನ್ನು ಎರಡನೆಯದು ವಹಿಸಿಕೊಂಡಿದೆ. ಈ ಬದಲಾವಣೆಯಲ್ಲಿ ಮತದಾರನ ಸ್ಥಾನವೇ ಹಿಂದುಮುಂದಾಗಿದೆ.

ಮಧ್ಯಂತರ ಚುನಾವಣೆಯ ಕಾಲದ ಚಿತ್ರ ಸ್ಪಷ್ಟವಾಗಿದೆ. 1971ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ಸಂಸ್ಥಾ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರ ಸರ್ಕಾರ ಅದೇ ತಿಂಗಳು ಉರುಳಿ, ರಾಷ್ಟ್ರಪತಿ ಆಳ್ವಿಕೆಯ ಬಳಿಕ 1972ರಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 216ರಲ್ಲಿ 165 ಸ್ಥಾನಗಳನ್ನು ಪಡೆದು ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅವರ ಸರ್ಕಾರವನ್ನು 1977ರ ಡಿಸೆಂಬರ್ 31ರಂದು ವಜಾಗೊಳಿಸಲಾಯಿತು. ಎರಡು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಅರಸರ ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನಗಳೊಡನೆ ಮರಳಿತು.

ಎಲ್ಲಕ್ಕಿಂತ ಸ್ವಾರಸ್ಯಕರವಾದುದು 1985ರ ಪ್ರಸಂಗ. 1983ರಲ್ಲಿ ಜನತಾ ಪಕ್ಷ 95 ಸ್ಥಾನಗಳನ್ನು ಗಳಿಸಿ, ಹೊರಗಿನ ಬೆಂಬಲದಿಂದ ರಾಮಕೃಷ್ಣ ಹೆಗಡೆಯವರ ಸರ್ಕಾರ ರಚಿಸಿತ್ತು. ಇಂದಿರಾ ಗಾಂಧಿಯವರ ಹತ್ಯೆಯ ನಂತರ 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿನ ಪಾಲಾದವು; ಜನತಾ ಪಕ್ಷಕ್ಕೆ ಉಳಿದದ್ದು ನಾಲ್ಕು. ಹೆಗಡೆಯವರು ತಮ್ಮ ಸರ್ಕಾರ ಜನಾದೇಶ ಕಳೆದುಕೊಂಡಿದೆಯೆಂದು ರಾಜೀನಾಮೆಯಿತ್ತು, ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ಕಾನೂನು ಅವರಿಂದ ಇದನ್ನು ಕೇಳಿರಲಿಲ್ಲ. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಕಾಂಗ್ರೆಸ್ 65ಕ್ಕೆ ಇಳಿಯಿತು. ಎರಡು ಪಕ್ಷಗಳ ಮತಪ್ರಮಾಣದ ನಡುವಣ ಅಂತರ ಶೇ. 3ನ್ನೂ ಮುಟ್ಟಿರಲಿಲ್ಲವೆಂಬುದು ಗಮನಾರ್ಹ. ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯಲ್ಲಿ ಸಣ್ಣ ಅಂತರವೂ ಸ್ಥಾನಗಳಲ್ಲಿ ಇಮ್ಮಡಿಯಾಗಿ ತೋರುತ್ತದೆ. ಲೋಕಸಭೆಗೆ ಒಬ್ಬರು, ವಿಧಾನಸಭೆಗೆ ಮತ್ತೊಬ್ಬರು ಎಂಬ ಕನ್ನಡ ಮತದಾರನ ವಿವೇಚನೆಗೆ ಈ ಚುನಾವಣೆಯನ್ನು ಉದಾಹರಿಸುವುದು ವಾಡಿಕೆ. ಇಲ್ಲಿಗೆ ಮುಖ್ಯವಾದುದು ಬೇರೆ. ಪ್ರಶ್ನೆಯನ್ನು ಮೊದಲು ಮತದಾರನ ಮುಂದೆ ಇಡಲಾಯಿತು; ಉತ್ತರ ಬಂದ ಮೇಲೆ ಸರ್ಕಾರ ರಚನೆಯಾಯಿತು.

ಈ ಕ್ರಮ ತಲೆಕೆಳಗಾದದ್ದು ಹೇಗೆಂಬುದನ್ನು ತಿಳಿಯಲು ಮೂರು ಕಾನೂನು ಘಟನೆಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಮೂರೂ ಸದುದ್ದೇಶದಿಂದಲೇ ಆದವು. 1985ರಲ್ಲಿ 52ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿ ಪಕ್ಷಾಂತರ ಅನರ್ಹತೆಗೆ ಕಾರಣವಾಯಿತು. ಆದರೆ ಶಾಸಕಾಂಗ ಪಕ್ಷದ ಮೂರನೆಯ ಒಂದು ಭಾಗ ಒಡೆದು ಹೊರಬಂದರೆ ಅದಕ್ಕೆ ವಿನಾಯಿತಿಯಿತ್ತು. ಎರಡನೆಯದು ಕರ್ನಾಟಕದಿಂದಲೇ ಹುಟ್ಟಿತು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು, 19 ಶಾಸಕರು ಬೆಂಬಲ ಹಿಂದೆಗೆದುಕೊಂಡ ಪತ್ರಗಳ ಆಧಾರದಲ್ಲಿ, ಸದನದಲ್ಲಿ ಬಲ ಸಾಬೀತುಪಡಿಸಲು ಅವಕಾಶವನ್ನೇ ಕೊಡದೆ ವಜಾ ಮಾಡಲಾಯಿತು. ಪತ್ರ ಕೊಟ್ಟವರಲ್ಲಿ ಕೆಲವರು ಬಳಿಕ ಮಾತು ಬದಲಿಸಿದ್ದರು. 1994ರ ಮಾರ್ಚ್ 11ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತ ಪರೀಕ್ಷೆಗೆ ಸದನವೇ ತಕ್ಕ ಸ್ಥಳವೆಂದು ಸಾರಿತು. ಮೂರನೆಯದು 2003ರ 91ನೆಯ ತಿದ್ದುಪಡಿ. ಅದು ಮೂರನೆಯ ಒಂದು ಭಾಗದ ವಿನಾಯಿತಿಯನ್ನು ರದ್ದುಪಡಿಸಿತು. ಮೂರನೆಯ ಎರಡು ಭಾಗದ ವಿಲೀನವೊಂದೇ ಉಳಿಯಿತು.

ಒಟ್ಟು ಪರಿಣಾಮವನ್ನು ಹೀಗೆ ಗ್ರಹಿಸಬಹುದು. ರಾಜ್ಯಪಾಲರ ವರದಿಯಿಂದ ಸರ್ಕಾರ ಉರುಳಿಸುವ ದಾರಿ ಕಿರಿದಾಯಿತು. ಪಕ್ಷ ಒಡೆಯುವ ದಾರಿ ಮುಚ್ಚಿತು. ಸದನದಲ್ಲಿಯ ಲೆಕ್ಕವೇ ಅಂತಿಮವೆಂದಾದ ಮೇಲೆ ಆ ಲೆಕ್ಕವನ್ನು ಬದಲಿಸಲು ಉಳಿದದ್ದು ಒಂದೇ ಬಾಗಿಲು: ರಾಜೀನಾಮೆ. ಶಾಸಕನೊಬ್ಬ ಪಕ್ಷ ಬದಲಿಸಿದರೆ ಅನರ್ಹನಾಗುತ್ತಾನೆ. ಸ್ಥಾನವನ್ನೇ ಬಿಟ್ಟು ಹೊಸ ಪಕ್ಷದಿಂದ ಪುನಃ ಗೆದ್ದು ಬಂದರೆ ಕಾನೂನಿಗೆ ಆಕ್ಷೇಪವಿಲ್ಲ. ಉಪಚುನಾವಣೆ ರಾಜಕೀಯ ಸಾಧನವಾದದ್ದು ಇಲ್ಲಿಂದ.

ಇದರ ಮೊದಲ ದೊಡ್ಡ ಪ್ರಯೋಗ 2008ರಲ್ಲಿ ನಡೆಯಿತು. ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷ 110 ಸ್ಥಾನ ಗಳಿಸಿತು. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಬೆಂಬಲದಿಂದ ಸರ್ಕಾರ ರಚನೆಯಾದ ಬಳಿಕ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳದ ಏಳು ಶಾಸಕರು ರಾಜೀನಾಮೆಯಿತ್ತರು. ಪತ್ರಿಕೆಗಳು ಇದನ್ನು ‘ಆಪರೇಷನ್ ಕಮಲ’ವೆಂದು ಕರೆದವು, ಆ ಪದ ನಿಂತಿತು. ಡಿಸೆಂಬರ್ ಕೊನೆಯಲ್ಲಿ ಎಂಟು ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಆಳುವ ಪಕ್ಷ ದೊಡ್ಡಬಳ್ಳಾಪುರ, ಕಾರವಾರ, ದೇವದುರ್ಗ, ಅರಭಾವಿ, ಹುಕ್ಕೇರಿಗಳನ್ನು ಗೆದ್ದು 115ಕ್ಕೆ ಏರಿತು. ತುರುವೇಕೆರೆ, ಮಧುಗಿರಿ, ಮದ್ದೂರು ಜನತಾದಳಕ್ಕೆ ಹೋದವು. ಆದರೂ ಗುರಿ ಸಾಧನೆಯಾಗಿತ್ತು.

2010ರಲ್ಲಿ ಇನ್ನೊಂದು ಉಪಾಯ ಕಾಣಿಸಿತು: ಗೆಲ್ಲುವವರ ಸಂಖ್ಯೆಯನ್ನು ಹೆಚ್ಚಿಸುವ ಬದಲು ಸದನವನ್ನೇ ಚಿಕ್ಕದು ಮಾಡುವುದು. ಆಳುವ ಪಕ್ಷದ 11 ಭಿನ್ನಮತೀಯರನ್ನೂ ಐವರು ಪಕ್ಷೇತರರನ್ನೂ ಸಭಾಧ್ಯಕ್ಷರು ಅನರ್ಹಗೊಳಿಸಿದ ಮೇಲೆ ಸರ್ಕಾರ 106–100ರಿಂದ ವಿಶ್ವಾಸಮತ ಪಡೆಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಅನರ್ಹತೆಗಳನ್ನು ರದ್ದುಪಡಿಸಿತಾದರೂ, ಅಷ್ಟರಲ್ಲಿ ಸರ್ಕಾರ ಏಳು ತಿಂಗಳು ಮುಂದೆ ಸಾಗಿತ್ತು.

2019ರಲ್ಲಿ ಈ ಎರಡೂ ವಿಧಾನಗಳು ಒಂದಾದವು. ಕಾಂಗ್ರೆಸ್–ಜನತಾದಳ ಮೈತ್ರಿಯ ಶಾಸಕರ ರಾಜೀನಾಮೆ ಮತ್ತು ಗೈರುಹಾಜರಿಗಳ ನಡುವೆ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆಗೆ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದವು. ಜುಲೈ 25 ಮತ್ತು 28ರಂದು ಸಭಾಧ್ಯಕ್ಷ ಕೆ.ಆರ್. ರಮೇಶ್‌ಕುಮಾರ್ ಒಟ್ಟು 17 ಶಾಸಕರನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ಇಲ್ಲಿಯ ಅಂಕಗಣಿತ ಪರಿಶೀಲನೆಗೆ ಯೋಗ್ಯವಾಗಿದೆ. 224ರ ಸದನದಲ್ಲಿ ಬಹುಮತಕ್ಕೆ 113 ಬೇಕು. 17 ಸ್ಥಾನಗಳು ತೆರವಾದೊಡನೆ ಸದನ 207ಕ್ಕೆ ಇಳಿದು, 104 ಸಾಕಾಯಿತು. 2018ರ ಚುನಾವಣೆಯಲ್ಲಿ 104 ಸ್ಥಾನ ಗಳಿಸಿ, ಬಳಿಕ ಚಿಂಚೋಳಿಯ ಉಪಚುನಾವಣೆ ಗೆದ್ದು 105 ಆಗಿದ್ದ ಪಕ್ಷ ಒಬ್ಬ ಮತದಾರನ ಮನಸ್ಸನ್ನೂ ಹೊಸದಾಗಿ ಗೆಲ್ಲದೆ ಬಹುಮತದ ಪಕ್ಷವಾಯಿತು. ಜುಲೈ 26ರಂದು ಯಡಿಯೂರಪ್ಪನವರು ಪುನಃ ಮುಖ್ಯಮಂತ್ರಿಗಳಾದರು. ಅಧಿಕಾರದ ಪಲ್ಲಟ ಉಪಚುನಾವಣೆಯಿಂದ ಆಗಲಿಲ್ಲ. ಉಪಚುನಾವಣೆಯಲ್ಲಿ ನಿರ್ಧಾರವಾಗಬೇಕಾಗಿದ್ದುದು ಆಗಿಹೋದ ಪಲ್ಲಟ ನಿಲ್ಲುವುದೇ ಇಲ್ಲವೇ ಎಂಬುದಷ್ಟೆ.

ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಅವಧಿ ಮುಗಿಯುವವರೆಗಿನ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಅನರ್ಹರು ಸ್ಪರ್ಧಿಸಬಹುದಾಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆಯಿತು. ಆಗ ಸದನದ ಬಲ 222, ಬಹುಮತಕ್ಕೆ 112. ಒಬ್ಬ ಪಕ್ಷೇತರರ ಬೆಂಬಲವಿದ್ದ ಸರ್ಕಾರಕ್ಕೆ ಕನಿಷ್ಠ ಆರು ಸ್ಥಾನಗಳು ಬೇಕಿದ್ದವು. ಬಂದದ್ದು ಹನ್ನೆರಡು. ಕಾಂಗ್ರೆಸ್ಸಿಗೆ ಹುಣಸೂರು ಮತ್ತು ಶಿವಾಜಿನಗರ ದಕ್ಕಿದವು, ಹೊಸಕೋಟೆ ಪಕ್ಷೇತರನ ಪಾಲಾಯಿತು, ಜನತಾದಳಕ್ಕೆ ಒಂದೂ ಸಿಗಲಿಲ್ಲ. 2018ರ ಚುನಾವಣೆಗೆ ಸಂಬಂಧಿಸಿದ ವ್ಯಾಜ್ಯಗಳು ನ್ಯಾಯಾಲಯದಲ್ಲಿದ್ದುದರಿಂದ ರಾಜರಾಜೇಶ್ವರಿನಗರ ಮತ್ತು ಮಸ್ಕಿ ಕ್ಷೇತ್ರಗಳನ್ನು ಅಂದು ಬಿಡಲಾಗಿತ್ತು. ಇದರಿಂದ ಜಾಲಹಳ್ಳಿಯ ಮತದಾರರು ಹದಿನೈದು ತಿಂಗಳು ಶಾಸಕರಿಲ್ಲದೆ ಕಳೆದರು. ಆ ಅವಧಿಯಲ್ಲಿಯೇ ಕೋವಿಡ್ ಬಂದಿತು. ಪಟ್ಟಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮತದಾರರಿದ್ದ ಕ್ಷೇತ್ರವೊಂದು ಸದನದಲ್ಲಿ ದನಿಯಿಲ್ಲದೆ ಅದನ್ನು ಎದುರಿಸಿತು. ಉಪಚುನಾವಣೆಗಳ ಚರ್ಚೆಯಲ್ಲಿ ಗೆದ್ದವರ ಲೆಕ್ಕ ಬರುವಷ್ಟು ಈ ಲೆಕ್ಕ ಬರುವುದಿಲ್ಲ.

2020ರ ನವೆಂಬರ್‌ನ ಫಲಿತಾಂಶವನ್ನು 2018ರದರ ಪಕ್ಕದಲ್ಲಿರಿಸಿ ನೋಡಿದರೆ ಪಲ್ಲಟದ ಒಳಸ್ವರೂಪ ಕಾಣುತ್ತದೆ. 2018ರಲ್ಲಿ ಕಾಂಗ್ರೆಸ್ ಸುಮಾರು 1.08 ಲಕ್ಷ, ಭಾರತೀಯ ಜನತಾ ಪಕ್ಷ ಸುಮಾರು 82 ಸಾವಿರ, ಜನತಾದಳ ಸುಮಾರು 60 ಸಾವಿರ ಮತಗಳನ್ನು ಪಡೆದಿದ್ದವು. ರಾಜ್ಯದಲ್ಲಿ ಮಿತ್ರರಾಗಿದ್ದ ಎರಡು ಪಕ್ಷಗಳು ಈ ಕ್ಷೇತ್ರದಲ್ಲಿ ಪರಸ್ಪರ ಎದುರಾಳಿಗಳಾಗಿಯೇ ಇದ್ದವು. 2020ರಲ್ಲಿ ಭಾರತೀಯ ಜನತಾ ಪಕ್ಷ ಸುಮಾರು 1.26 ಲಕ್ಷಕ್ಕೆ ಏರಿತು. ಕಾಂಗ್ರೆಸ್ 68 ಸಾವಿರದ ಆಸುಪಾಸಿಗೆ, ಜನತಾದಳ 10 ಸಾವಿರದ ಆಸುಪಾಸಿಗೆ ಇಳಿದವು. ಎರಡು ಪಕ್ಷಗಳು ಕೂಡಿ ಕಳೆದುಕೊಂಡದ್ದು ಸರಿಸುಮಾರು 90 ಸಾವಿರ; ಗೆದ್ದ ಪಕ್ಷಕ್ಕೆ ಹೆಚ್ಚಾಗಿ ಬಂದದ್ದು ಅದರ ಅರ್ಧದಷ್ಟು. ಮತದಾನದ ಪ್ರಮಾಣ ಶೇ. 45ರ ಆಸುಪಾಸಿನಲ್ಲಿತ್ತು. ಒಟ್ಟು ಅಂಕಿಗಳಿಂದ ಯಾವ ಮತದಾರ ಎತ್ತ ಹೋದನೆಂದು ನಿಖರವಾಗಿ ಹೇಳಲಾಗದು. ಆದರೆ ಅಭ್ಯರ್ಥಿಯ ಬೆನ್ನುಹಿಡಿದು ಪಕ್ಷ ಬದಲಿಸಿದವರಿಗಿಂತ ಕಡಿಮೆಯಲ್ಲದ ಸಂಖ್ಯೆಯ ಮತಗಳು ಪೆಟ್ಟಿಗೆಗೇ ಬರಲಿಲ್ಲವೆಂಬುದನ್ನು ಈ ಅಂತರ ಸೂಚಿಸುತ್ತದೆ. ಭಾರಿ ಗೆಲುವೆಂದು ವರ್ಣಿತವಾದುದರಲ್ಲಿ ಹೀಗೆ ಮನೆಯಲ್ಲಿ ಉಳಿದವರ ಪಾಲೂ ದೊಡ್ಡದಾಗಿತ್ತು.

ಉಪಚುನಾವಣೆಗಳಲ್ಲಿ ಆಳುವ ಪಕ್ಷ ಗೆಲ್ಲುವುದೇಕೆ? ಹಣದ ಬಲವೆಂಬುದು ಸಿದ್ಧ ಉತ್ತರ. ಅದರಲ್ಲಿ ಸತ್ಯಾಂಶವಿದ್ದರೂ ಅದೊಂದರಿಂದಲೇ ವಿವರಣೆ ಪೂರ್ಣವಾಗದು. ಸಾರ್ವತ್ರಿಕ ಚುನಾವಣೆಯಲ್ಲಿ ಮತದಾರ ಯಾರು ಆಳಬೇಕೆಂದು ಹೇಳುತ್ತಾನೆ. ಉಪಚುನಾವಣೆಯಲ್ಲಿ ಯಾರು ಆಳುತ್ತಾರೆಂಬುದು ಗೊತ್ತಿರುತ್ತದೆ. ತನ್ನ ಕ್ಷೇತ್ರದ ಶಾಸಕ ಆ ಸರ್ಕಾರದ ಒಳಗಿರಬೇಕೇ ಹೊರಗಿರಬೇಕೇ ಎಂಬುದಷ್ಟೇ ಉಳಿಯುತ್ತದೆ. ರಸ್ತೆ, ಒಳಚರಂಡಿ, ಕಾವೇರಿ ನೀರಿನ ಸಂಪರ್ಕಗಳಿಗಾಗಿ ಕಾದಿರುವ ನಗರದ ಅಂಚಿನ ಬಡಾವಣೆಗಳಿಗೆ ಈ ಪ್ರಶ್ನೆಯ ಉತ್ತರ ಕಠಿಣವಲ್ಲ. ಅಭ್ಯರ್ಥಿ ಮಂತ್ರಿಯಾಗುವನೆಂಬ ನಿರೀಕ್ಷೆ ಜೊತೆಗೂಡಿದರೆ ಮತ್ತೂ ಸುಲಭ. 2019ರಲ್ಲಿ ಗೆದ್ದವರ ಪೈಕಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಸಚಿವರಾದರು. ಮುನಿರತ್ನ ಅವರು 2021ರ ಆಗಸ್ಟ್‌ನಲ್ಲಿ ಸಚಿವರಾದರು.

ಪಕ್ಷಾಂತರಿಯ ವೈಯಕ್ತಿಕ ವರ್ಚಸ್ಸೇ ಗೆಲ್ಲಿಸುತ್ತದೆ ಎಂಬ ವಾದಕ್ಕೆ 2017ರ ನಂಜನಗೂಡು ಉತ್ತರವಾಗಿದೆ. ಅಂದು ವಿ. ಶ್ರೀನಿವಾಸಪ್ರಸಾದ್ ಅವರು ಆಳುತ್ತಿದ್ದ ಕಾಂಗ್ರೆಸ್ಸನ್ನು ಬಿಟ್ಟು ವಿರೋಧಪಕ್ಷದಿಂದ ಸ್ಪರ್ಧಿಸಿ ಸೋತರು. ಅವರ ಹಿರಿತನವಾಗಲಿ ಪ್ರಭಾವವಾಗಲಿ ಕಡಿಮೆಯದಾಗಿರಲಿಲ್ಲ. ಅವರು ಹೋದ ದಿಕ್ಕು ಮಾತ್ರ ಬೇರೆಯಾಗಿತ್ತು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಸಂಡೂರು, ಶಿಗ್ಗಾಂವಿಗಳ ಉಪಚುನಾವಣೆಗಳನ್ನು ಮೂರಕ್ಕೆ ಮೂರೂ ಆಳುವ ಕಾಂಗ್ರೆಸ್ ಗೆದ್ದಿತು. ಚನ್ನಪಟ್ಟಣದಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ ಅವರು ಚುನಾವಣೆಯ ಹೊಸ್ತಿಲಲ್ಲಿ ಭಾರತೀಯ ಜನತಾ ಪಕ್ಷದಿಂದ ಬಂದವರು. ಈ ಪ್ರವೃತ್ತಿ ಒಂದು ಪಕ್ಷದ ಸ್ವತ್ತಲ್ಲ.

ಅಪವಾದಗಳೂ ಇವೆ. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್, ಹುಣಸೂರಿನಲ್ಲಿ ಎಚ್. ವಿಶ್ವನಾಥ್ ಸೋತರು. 2021ರಲ್ಲಿ ಮಸ್ಕಿಯ ಮತದಾರರು ಪಕ್ಷಾಂತರಿಯನ್ನು ದೊಡ್ಡ ಅಂತರದಿಂದ ತಿರಸ್ಕರಿಸಿದರು. ಸೋತವರ ಮುಂದಿನ ಕತೆಯಲ್ಲಿ ಕಾನೂನಿನ ಸೂಕ್ಷ್ಮವೊಂದಿದೆ. 91ನೆಯ ತಿದ್ದುಪಡಿಯಿಂದ ಬಂದ 164(1ಬಿ) ವಿಧಿಯ ಪ್ರಕಾರ ಅನರ್ಹಗೊಂಡ ಶಾಸಕ ಪುನಃ ಚುನಾಯಿತನಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಸಚಿವನಾಗುವಂತಿಲ್ಲ. ನಾಗರಾಜ್ ವಿಧಾನ ಪರಿಷತ್ತಿಗೆ ಚುನಾಯಿತರಾದುದರಿಂದ 2021ರ ಜನವರಿಯಲ್ಲಿ ಸಚಿವರಾದರು. ವಿಶ್ವನಾಥ್ ಅವರದು ನಾಮನಿರ್ದೇಶನವಾದುದರಿಂದ ಅವರು ಸಚಿವರಾಗುವಂತಿಲ್ಲವೆಂದು ಉಚ್ಚ ನ್ಯಾಯಾಲಯ ಹೇಳಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಉಳಿಸಿತು. ತಮ್ಮ ಕ್ಷೇತ್ರದ ಜನರಿಂದ ತಿರಸ್ಕೃತರಾದ ಇಬ್ಬರಲ್ಲಿ ಒಬ್ಬರಿಗೆ ಬಾಗಿಲು ತೆರೆದದ್ದು ಶಾಸಕರೇ ಮತ ಹಾಕುವ ಚುನಾವಣೆಯಿಂದ. ತಿದ್ದುಪಡಿಯನ್ನು ರೂಪಿಸಿದವರು ‘ಚುನಾಯಿತ’ ಎಂಬ ಪದದಿಂದ ಇದನ್ನು ನಿರೀಕ್ಷಿಸಿದ್ದರೆಂದು ನಂಬುವುದು ಕಷ್ಟ.

ತಡವಾಗಿಯಾದರೂ ಮತದಾರನ ಪೂರ್ಣ ತೀರ್ಪು ಬಂದದ್ದು 2023ರ ಮೇ ತಿಂಗಳ ಸಾರ್ವತ್ರಿಕ ಚುನಾವಣೆಯಲ್ಲಿ. ಕಾಂಗ್ರೆಸ್ 135 ಸ್ಥಾನ ಗಳಿಸಿತು. ಭಾರತೀಯ ಜನತಾ ಪಕ್ಷ 66ಕ್ಕೆ, ಜನತಾದಳ 19ಕ್ಕೆ ಇಳಿದವು. 2019ರ ಪಲ್ಲಟದಲ್ಲಿ ಪಾಲ್ಗೊಂಡವರ ಗತಿಯಲ್ಲಿ ಸ್ಪಷ್ಟ ವಿಭಜನೆ ಕಂಡುಬರುತ್ತದೆ. ಹಿರೇಕೆರೂರು, ಚಿಕ್ಕಬಳ್ಳಾಪುರ, ಕೃಷ್ಣರಾಜಪೇಟೆ, ಹೊಸಕೋಟೆ, ಅಥಣಿ, ಕಾಗವಾಡ, ಮಸ್ಕಿಗಳಲ್ಲಿ ಅವರು ಸೋತರು. ರಾಜಧಾನಿಯ ಕೃಷ್ಣರಾಜಪುರ, ಯಶವಂತಪುರ, ಮಹಾಲಕ್ಷ್ಮಿ ಬಡಾವಣೆ, ರಾಜರಾಜೇಶ್ವರಿನಗರ ನಾಲ್ಕೂ ಅವರ ಕೈಯಲ್ಲಿಯೇ ಉಳಿದವು. ನಗರದ ಹೊರಗೆ ಉಳಿಸಿಕೊಂಡವರು ಗೋಕಾಕ ಮತ್ತು ಯಲ್ಲಾಪುರದವರಷ್ಟೆ. ಹಳ್ಳಿ, ಪಟ್ಟಣಗಳಲ್ಲಿ ಪಕ್ಷಾಂತರ ಚರ್ಚೆಯ ವಿಷಯವಾಗಿ ಉಳಿಯುತ್ತದೆ, ಶಾಸಕನನ್ನು ಮುಖತಃ ಕೇಳುವವರಿರುತ್ತಾರೆ. ಸಾರ್ವಜನಿಕ ಉದ್ದಿಮೆಗಳಿಗಾಗಿ ಹಲವು ಪ್ರಾಂತಗಳಿಂದ ಬಂದು ನೆಲೆಸಿದವರೂ ಬಾಡಿಗೆ ಮನೆಗಳಲ್ಲಿ ಬಂದುಹೋಗುವವರೂ ತುಂಬಿರುವ ಜಾಲಹಳ್ಳಿಯಂಥ ಪ್ರದೇಶದಲ್ಲಿ ಆ ನೆನಪು ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲವೆಂಬುದು ಒಂದು ಸಂಭಾವ್ಯ ವಿವರಣೆ. ಹಾಗೆಂದು ನೆನಪು ಪೂರ್ತಿ ಅಳಿದಿರಲೂ ಇಲ್ಲ. ರಾಜರಾಜೇಶ್ವರಿನಗರದಲ್ಲಿ 2020ರಲ್ಲಿ 57 ಸಾವಿರವನ್ನು ದಾಟಿದ್ದ ಅಂತರ, ಅದೇ ಇಬ್ಬರು ಅಭ್ಯರ್ಥಿಗಳ ನಡುವೆ, ಇಡೀ ರಾಜ್ಯದೊಡನೆ ಒಂದೇ ದಿನ ಮತದಾನ ನಡೆದ 2023ರಲ್ಲಿ 12 ಸಾವಿರಕ್ಕಿಂತ ಕೆಳಗಿಳಿಯಿತು.

ಗೆದ್ದು ಬಂದವರು ಗೆಲ್ಲಿಸಿದ ಪಕ್ಷದಲ್ಲಿಯೇ ನಿಂತರೆಂದೂ ಹೇಳುವಂತಿಲ್ಲ. ಯಶವಂತಪುರದ ಎಸ್.ಟಿ. ಸೋಮಶೇಖರ್ ಮತ್ತು ಯಲ್ಲಾಪುರದ ಶಿವರಾಮ ಹೆಬ್ಬಾರ್ ಅವರನ್ನು 2025ರ ಮೇ ತಿಂಗಳಲ್ಲಿ ಭಾರತೀಯ ಜನತಾ ಪಕ್ಷ ಉಚ್ಚಾಟಿಸಿತು. ಉಚ್ಚಾಟಿತ ಸದಸ್ಯನು ಹತ್ತನೆಯ ಅನುಸೂಚಿಯ ಮಟ್ಟಿಗೆ ತನ್ನನ್ನು ಹೊರಹಾಕಿದ ಪಕ್ಷಕ್ಕೇ ಸೇರಿದವನಾಗಿ ಉಳಿಯುತ್ತಾನೆಂದು ಸರ್ವೋಚ್ಚ ನ್ಯಾಯಾಲಯ 1996ರ ವಿಶ್ವನಾಥನ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನ ಪ್ರಕಾರ ಅಂಥವರು ತಾವಾಗಿಯೇ ಬೇರೊಂದು ಪಕ್ಷವನ್ನು ಸೇರಿದರೆ ಅನರ್ಹರಾಗುತ್ತಾರೆ. ರಾಜೀನಾಮೆಯಿತ್ತು ಉಪಚುನಾವಣೆಗೆ ನಿಲ್ಲುವ ದಾರಿ ಮಾತ್ರ ಅವರಿಗೂ ತೆರೆದೇ ಇರುತ್ತದೆ.